ಎರೆ ಹೊಲ, ಕೆಂಪು ಧೂಳು, ಹಳೇ ಎಂಎಂ540

ಬಳ್ಳಾರಿ ಕಡೆ ಹಳೇ ಜೀಪು ಅಂದರೆ ಅದರ ಹಿಂದೆ ಒಂದು ಮೈನ್ಸ್ ಕತೆ ಇದ್ದೇ ಇರುತ್ತದೆ. ಸಂಡೂರು ಗುಡ್ಡಗಳಲ್ಲಿ ಸೂಪರ್‌ವೈಸರ್‌ಗಳನ್ನು ಮೇಲೆ ಕೆಳಗೆ ಓಡಾಡಿಸಿ ಸವೆದ ಗಾಡಿಗಳು ಇವು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಕೆಲವು ಶೆಡ್ ಸೇರಿದವು, ಕೆಲವು ಗುಜರಿಗೆ ಹೋದವು. ನನ್ನ ಜೀಪು ಮಹೀಂದ್ರ ಎಂಎಂ540 ಅಂಥದ್ದೇ ಒಂದು ಶೆಡ್‌ನಿಂದ ಬಂದದ್ದು. ಪ್ಯೂಜೊ ಎಕ್ಸ್‌ಡಿಪಿ ಡೀಸೆಲ್ ಎಂಜಿನ್, 2112 ಸಿಸಿ, ನಾಲ್ಕು ಗೇರು, ನಾಲ್ಕೂ ಚಕ್ರಕ್ಕೆ ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್). ಎಸಿ ಇಲ್ಲ, ಪವರ್ ಸ್ಟೀರಿಂಗ್ ಇಲ್ಲ. ಕಂಪ್ಯೂಟರ್ ಅಂತೂ ಇಲ್ಲವೇ ಇಲ್ಲ.

ಇಂಥ ಗಾಡಿಯನ್ನು ಮೀಟರ್ ನೋಡಿ ಕೊಳ್ಳಬಾರದು. ಗಣಿಯಲ್ಲಿ ಅರ್ಧ ದಿನ ಸುಮ್ನೆ ಎಂಜಿನ್ ಆನ್ ಮಾಡಿ ನಿಂತಿರುತ್ತಿತ್ತು. ಆ ತಾಸುಗಳು ಯಾವ ಮೀಟರ್‌ನಲ್ಲೂ ಬರುವುದಿಲ್ಲ. ನಾನು ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿದೆ. ಬುಸುಬುಸು ಹೊಗೆ ಬಂತು. ಪಿಸ್ಟನ್ ರಿಂಗು, ಲೈನರ್ (ಪಿಸ್ಟನ್ ಓಡಾಡುವ ಕೊಳವೆ) ಸವೆದಿವೆ ಅಂತ ಗೊತ್ತಾಯಿತು. ಆಮೇಲೆ ಕೆಳಗೆ ಮಲಗಿ ಸ್ಟೀರಿಂಗ್ ಬಾಕ್ಸ್ ಕೂರುವ ಜಾಗ, ಮುಂದಿನ ಕಮಾನಿನ ಹ್ಯಾಂಗರ್ ನೋಡಿದೆ. ಷಾಸಿ, ಅಂದರೆ ಗಾಡಿಯ ಉಕ್ಕಿನ ಚೌಕಟ್ಟು, ಬಿರುಕು ಬಿಡುವುದು ಅಲ್ಲೇ. ಎಂಜಿನ್ ಇಳಿಸುವ ಖರ್ಚು, ಷಾಸಿ ಬೆಸುಗೆ ಖರ್ಚು ಎರಡನ್ನೂ ಕಳೆದೇ ರೇಟು ಮಾತಾಡಿದೆ.

ಗ್ಯಾರೇಜಿಗೆ ತಂದ ದಿನವೇ ಸಲಹೆಗಳು ಶುರುವಾದವು. ಲಿಫ್ಟ್ ಹಾಕ್ಸು, ಅಗಲ ಟೈರ್ ಹಾಕ್ಸು, ದೊಡ್ಡ ಎಂಜಿನ್ ಇಡ್ಸು. ವಿಡಿಯೋಗಳಲ್ಲಿ ಕಾಣುವ ಗಾಡಿಗಳೆಲ್ಲ ಹಾಗೇ ಇರುತ್ತವೆ, ಅಲ್ವಾ? ಅವರ ಕಾಡು ಬೇರೆ, ಮಳೆ ಬೇರೆ. ನಮ್ಮಲ್ಲಿ ಗಾಡಿ ಕೈ ಕೊಡುವುದು ಮೂರು ಕಡೆ: ಗುಡ್ಡದ ಅದಿರು ಧೂಳು, ಏಪ್ರಿಲ್ ಮೇ ತಿಂಗಳ ಬಿಸಿಲು, ಮಳೆ ಬಿದ್ದ ಎರೆ ಹೊಲ. ನಾನು ಈ ಮೂರಕ್ಕೆ ಮಾತ್ರ ಗಾಡಿ ಕಟ್ಟಿದೆ. ಹಾಗಾಗಿ ದುಡ್ಡು ಖರ್ಚಾಗಿದ್ದೆಲ್ಲ ಕಣ್ಣಿಗೆ ಕಾಣದ ಜಾಗದಲ್ಲೇ.

ಮೊದಲ ಕೆಲಸ ಗಾಳಿಯದ್ದು. ಸಂಡೂರಿನ ಕೆಂಪು ಧೂಳು ಬರೀ ಮಣ್ಣಲ್ಲ, ಹೆಮಟೈಟ್ ಕಬ್ಬಿಣದ ಅದಿರು. ಅದು ಎಂಜಿನ್ ಒಳಗೆ ಹೋದರೆ ಲೈನರ್‌ಗೆ ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಉಜ್ಜಿದ ಹಾಗೆ. ಹೊಸ ಲೈನರ್, ಪಿಸ್ಟನ್ ಸೆಟ್ ಹಾಕಿಸಿದ ಮೇಲೆ ಅದನ್ನು ಉಳಿಸಿಕೊಳ್ಳಬೇಕಲ್ಲ. ಗಾಳಿಯ ಧೂಳನ್ನು ಎಣ್ಣೆಯ ಬಟ್ಟಲಲ್ಲಿ ಹಿಡಿಯುವ ಹಳೆಯ ಆಯಿಲ್ ಬಾತ್ ಏರ್ ಕ್ಲೀನರ್ ಅನ್ನು ಎಸೆಯಲಿಲ್ಲ. ಅದರ ಮುಂದೆ ಟ್ರ್ಯಾಕ್ಟರ್‌ಗಳಿಗೆ ಬರುವ ಪ್ರೀ ಕ್ಲೀನರ್ ಕೂರಿಸಿದೆ. ಗಾಳಿಯನ್ನು ಸುತ್ತಿಸಿ ದಪ್ಪ ಧೂಳನ್ನು ಬಟ್ಟಲಿಗೆ ಬೀಳಿಸುತ್ತದಲ್ಲ, ಅದು. ಸಿರುಗುಪ್ಪ, ಸಿಂಧನೂರು ಕಡೆ ಭತ್ತದ ಸೀಮೆ, ಟ್ರ್ಯಾಕ್ಟರ್ ಸ್ಪೇರ್ಸ್ ಅಂಗಡಿಗಳಿಗೆ ಬರವಿಲ್ಲ. ಪೈಪನ್ನು ವಿಂಡ್‌ಶೀಲ್ಡ್ ಪಕ್ಕದಿಂದ ಮೇಲಕ್ಕೆ ಒಯ್ದೆ. ಮುಂದಿನ ಗಾಡಿ ಎಬ್ಬಿಸುವ ಧೂಳು ಬಾನೆಟ್ ಎತ್ತರದಲ್ಲಿ ದಟ್ಟವಾಗಿರುತ್ತದೆ, ಮೇಲೆ ಹೋದಷ್ಟೂ ಕಡಿಮೆ. ಜನ ಅದನ್ನು ನೋಡಿ ನೀರಿಗೆ ಇಳಿಸುವ ಸ್ನಾರ್ಕೆಲ್ ಅಂದುಕೊಳ್ಳುತ್ತಾರೆ. ಅನ್ನಲಿ ಬಿಡಿ.

ಪೈಪಿನ ಜೋಡಣೆಗಳಲ್ಲಿ ಗಾಳಿ ಸೋರಿದರೆ ಇಷ್ಟೂ ಕೆಲಸ ವ್ಯರ್ಥ. ಅದಕ್ಕೆ ಒಂದು ಸುಲಭ ಪರೀಕ್ಷೆ ಇದೆ. ಫಿಲ್ಟರ್ ದಾಟಿದ ಮೇಲಿನ ಪೈಪಿನ ಒಳಗೆ ಬೆರಳಲ್ಲಿ ತೆಳ್ಳಗೆ ಗ್ರೀಸ್ ಸವರಿ, ಗುಡ್ಡ ಹತ್ತಿ ಇಳಿದು ಬಂದು ನೋಡಿ. ಗ್ರೀಸ್ ಕೆಂಪಾಗಿದ್ದರೆ ಎಲ್ಲೋ ಕ್ಲಿಪ್ ಸಡಿಲ ಇದೆ. ಆಯಿಲ್ ಬಾತ್‌ನ ಎಣ್ಣೆಯನ್ನು ಕೂಡ ಪುಸ್ತಕ ಹೇಳಿದ ಕಿಲೋಮೀಟರ್‌ಗೆ ಅಲ್ಲ, ಬಟ್ಟಲು ತೆಗೆದು ನೋಡಿ ಬದಲಾಯಿಸಬೇಕು. ತಳದಲ್ಲಿ ಕೆಸರು ಕೂತಿದ್ದರೆ ಅದರ ಕಾಲ ಮುಗಿಯಿತು.

ಆಮೇಲೆ ಬಿಸಿ. ನಮ್ಮಲ್ಲಿ ಬೇಸಿಗೆಗೆ 40 ಡಿಗ್ರಿ ದಾಟುವುದು ಹೊಸದಲ್ಲ. ಆ ಬಿಸಿಲಲ್ಲಿ ಲೋ ಗೇರ್‌ನಲ್ಲಿ ಗುಡ್ಡ ಹತ್ತುವಾಗ ಎಂಜಿನ್ ಜೋರಾಗಿ ತಿರುಗುತ್ತದೆ, ಗಾಡಿ ಮಾತ್ರ ಆಮೆ ವೇಗ. ಎದುರು ಗಾಳಿ ಸಿಗುವುದಿಲ್ಲ. ಎಲ್ಲ ಭಾರ ಫ್ಯಾನಿನ ಮೇಲೆ. ರೇಡಿಯೇಟರ್ ಬಿಚ್ಚಿಸಿ ತಾಮ್ರದ ಹೊಸ ಕೋರ್ ಹಾಕಿಸಿದೆ, ಟ್ಯೂಬಿನ ಸಾಲು ಒಂದು ಜಾಸ್ತಿ. ಫ್ಯಾನ್ ಸುತ್ತ ತಗಡಿನ ಶ್ರೌಡ್ (ಗಾಳಿಯನ್ನು ರೇಡಿಯೇಟರ್ ಮೂಲಕವೇ ಎಳೆಸುವ ಸುತ್ತುಗವಚ) ಇರಲಿಲ್ಲ, ಯಾರೋ ಕಿತ್ತು ಹಾಕಿದ್ದರು. ಅದನ್ನು ಮತ್ತೆ ಮಾಡಿಸಿದೆ. ಶ್ರೌಡ್ ಇಲ್ಲದಿದ್ದರೆ ಫ್ಯಾನ್ ಸುತ್ತಲಿನ ಬಿಸಿ ಗಾಳಿಯನ್ನೇ ಕಲಕುತ್ತಾ ಕೂರುತ್ತದೆ. ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದ ಥರ್ಮೋಸ್ಟಾಟ್ ವಿಷಯದಲ್ಲಿ ಮೇಸ್ತ್ರಿಗೂ ನನಗೂ ಜಗಳವೇ ಆಯಿತು. "ಬಳ್ಳಾರಿ ಬಿಸಿಲಿಗೆ ಇದ್ಯಾಕೆ ಬೇಕು, ತೆಗೆದು ಬಿಸಾಕಿ" ಅಂತ ಅವರು. ಆದರೆ ಎಂಜಿನ್ ಸರಿಯಾದ ಬಿಸಿಗೆ ಬೇಗ ಬರದಿದ್ದರೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಲೈನರ್ ಸವೆತವೂ ಜಾಸ್ತಿ. ಹೊಸದು ತಂದು ಬಿಸಿನೀರಿನ ಪಾತ್ರೆಯಲ್ಲಿ ತೆರೆಯುವುದನ್ನು ಅವರ ಮುಂದೆಯೇ ನೋಡಿ ಹಾಕಿಸಿದೆ. ಗುಡ್ಡದಿಂದ ಬಂದಾಗಲೆಲ್ಲ ರೇಡಿಯೇಟರ್‌ಗೆ ಎಂಜಿನ್ ಕಡೆಯಿಂದ ಮುಂದಕ್ಕೆ ನೀರು ಬಿಡುತ್ತೇನೆ. ಮುಂದಿನಿಂದ ಜೆಟ್ ಹೊಡೆದರೆ ಕೆಸರು ಇನ್ನೂ ಒಳಗೆ ಗಿಡಿಯುತ್ತದೆ, ರೆಕ್ಕೆಗಳೂ ಮಲಗುತ್ತವೆ.

ಷಾಸಿ ಬೆಸುಗೆ ಮಾಡಿಸಿದ್ದು ಲಾರಿ ಶೆಡ್‌ನಲ್ಲಿ. ಓವರ್‌ಲೋಡ್ ಟಿಪ್ಪರ್‌ಗಳ ಷಾಸಿ ಜೋಡಿಸಿ ಪಳಗಿದ ಕೈಗಳು ನಮ್ಮೂರಲ್ಲಿವೆ, ಇದೊಂದು ಭಾಗ್ಯ. ಅವರು ಬಿರುಕಿನ ಕೊನೆಯಲ್ಲಿ ಸಣ್ಣ ತೂತು ಹೊಡೆದು ಅದು ಮುಂದೆ ಓಡದಂತೆ ತಡೆದರು. ಆಮೇಲೆ ವಜ್ರದ ಆಕಾರದ ಪ್ಲೇಟ್ ಇಟ್ಟು ಬೆಸೆದರು. ಬೆಸುಗೆ ಗೆರೆ ಷಾಸಿಗೆ ಅಡ್ಡಲಾಗಿ ನೇರವಾಗಿ ಇದ್ದರೆ ಮತ್ತೆ ಅದೇ ಗೆರೆಯಲ್ಲಿ ಮುರಿಯುತ್ತದೆ.

ಕಮಾನು ಪಟ್ಟಿಗಳದ್ದು ಉಲ್ಟಾ ಕತೆ. ಯಾವುದೋ ಕಾಲದಲ್ಲಿ ಲೋಡಿಗೆ ಅಂತ ಹೆಚ್ಚುವರಿ ಪಟ್ಟಿ ಸೇರಿಸಿದ್ದರು. ಅವನ್ನು ತೆಗೆಸಿ, ಉಳಿದವಕ್ಕೆ ಬಾಗು ಹೊಡೆಸಿ, ನಡುವೆ ಗ್ರಾಫೈಟ್ ಗ್ರೀಸ್ ಹಚ್ಚಿಸಿದೆ. ಒಂದು ಚಕ್ರ ತಗ್ಗಿಗೆ ಇಳಿದಾಗ ಈಗ ಅದು ನೆಲ ಮುಟ್ಟುತ್ತದೆ. ಮೊದಲು ಗಾಳಿಯಲ್ಲಿ ತೂಗಾಡುತ್ತಿತ್ತು. ಗಾಳಿಯಲ್ಲಿರುವ ಚಕ್ರ ಸುಮ್ನೆ ತಿರುಗುತ್ತದೆ, ಎರಡು ಚಕ್ರಕ್ಕೂ ಶಕ್ತಿ ಹಂಚುವ ಡಿಫರೆನ್ಶಿಯಲ್ ಇಡೀ ಶಕ್ತಿಯನ್ನು ಅಲ್ಲೇ ಕಳೆಯುತ್ತದೆ. ಕಮಾನಿನ ತುದಿಯನ್ನು ಷಾಸಿಗೆ ಜೋಡಿಸುವ ಶಾಕಲ್ ಅನ್ನು ಉದ್ದ ಮಾಡಿಸಿ ಗಾಡಿ ಎತ್ತರ ಮಾಡಿಸಲಿಲ್ಲ. ಮುಂದೆ ಶಾಕಲ್ ಉದ್ದವಾದರೆ ಕ್ಯಾಸ್ಟರ್ ಕೋನ (ಚಕ್ರ ತಿರುಗುವ ಅಚ್ಚಿನ ಹಿಂದಿನ ಓರೆ) ಕಡಿಮೆಯಾಗಿ ಹೈವೇಯಲ್ಲಿ ಸ್ಟೀರಿಂಗ್ ಅಲೆಯುತ್ತದೆ. ಅದನ್ನು ಸರಿಮಾಡಲು ಬೆಣೆ ಹಾಕಬೇಕು, ಆಮೇಲೆ ಪ್ರೊಪೆಲ್ಲರ್ ಶಾಫ್ಟ್ ಕೋನ ನೋಡಬೇಕು. ಬೇಡಪ್ಪ ಅನ್ನಿಸಿತು.

ಟೈರ್ ಬಗ್ಗೆ ನನ್ನ ಅಭಿಪ್ರಾಯ ಎಷ್ಟೋ ಜನಕ್ಕೆ ಹಿಡಿಸುವುದಿಲ್ಲ. ನಾನು ಹಾಕಿದ್ದು ಹಳೇ ಅಳತೆಯ 6.00-16, ದಪ್ಪ ಪಟ್ಟಿ ಹಲ್ಲಿನ ಕಿರಿದಾದ ಟೈರ್. ಎರೆ ಹೊಲದಲ್ಲಿ ಒಂದು ಮಳೆ ಬಿದ್ದರೆ ಮೇಲಿನ ಪದರ ಅಂಟು ಅಂಟು, ಕೆಳಗೆ ಇನ್ನೂ ಗಟ್ಟಿ. ಕಿರಿದಾದ ಟೈರ್ ಅಂಟನ್ನು ಸೀಳಿ ಗಟ್ಟಿ ನೆಲ ಹಿಡಿಯುತ್ತದೆ. ಅಗಲದ ಟೈರ್ ಮೇಲೇ ಜಾರುತ್ತದೆ. ಹಲ್ಲುಗಳ ನಡುವೆ ಜಾಗ ಜಾಸ್ತಿ ಇದ್ದರೆ ಮಣ್ಣು ಹಾರಿ ಹೋಗುತ್ತದೆ. ಇಲ್ಲದಿದ್ದರೆ ಎರೆ ಮಣ್ಣು ತುಂಬಿ ಟೈರ್ ನುಣ್ಣಗಾಗಿ, ಮಡ್‌ಗಾರ್ಡ್ ಒಳಗೂ ಕಚ್ಚಿಕೊಂಡು ಚಕ್ರವೇ ನಿಲ್ಲುತ್ತದೆ. ಆದರೆ ತುಂಗಭದ್ರಾ ಎಡದಂಡೆ ನಾಲೆ ಕೆಳಗಿನ ರಾಯಚೂರು ಕಡೆಯ ಭತ್ತದ ಗದ್ದೆಗಳ ಲೆಕ್ಕ ಬೇರೆ. ಅಲ್ಲಿ ನೀರು ನಿಂತು ನಿಂತು ಕೆಳಗೆ ಗಟ್ಟಿ ನೆಲ ಸಿಗುವುದೇ ಇಲ್ಲ. ಯಾವ ಟೈರ್ ಇದ್ದರೂ ಇಳಿಸಬೇಡಿ. ರೈತರ ಬೆಳೆ ಹಾಳು ಮಾಡುವ ಹಕ್ಕೂ ನಮಗಿಲ್ಲ.

ಕಿರಿದಾದ ಟೈರ್ ಸೋಲುವುದು ಹಗರಿ ನದಿಯ ಮರಳಲ್ಲಿ. ಅಲ್ಲಿ ಗಾಳಿ ಇಳಿಸುತ್ತೇನೆ, 16 ಪಿಎಸ್‌ಐವರೆಗೆ. ಅದಕ್ಕಿಂತ ಕೆಳಗೆ ಹೋದರೆ ಟೈರ್ ರಿಮ್ಮಿನ ಮೇಲೆ ಜಾರಿ ಒಳಗಿನ ಟ್ಯೂಬಿನ ಮೂಗು ಕಿತ್ತು ಬರುತ್ತದೆ. ಟ್ಯೂಬ್‌ಲೆಸ್ ಗಾಡಿಯವರ ಲೆಕ್ಕ ನಮಗೆ ಹೊಂದುವುದಿಲ್ಲ. ರಸ್ತೆಗೆ ಬಂದ ಕೂಡಲೇ ಗಾಳಿ ತುಂಬಬೇಕು, ಫೋರ್ ವೀಲ್ ಬಿಡಿಸಬೇಕು. ಈ ಗಾಡಿಗೆ ಮಧ್ಯದ ಡಿಫರೆನ್ಶಿಯಲ್ ಇಲ್ಲ. ಡಾಂಬರಿನ ಮೇಲೆ ಫೋರ್ ವೀಲ್‌ನಲ್ಲಿ ತಿರುವಿದರೆ ಶಾಫ್ಟ್, ಗೇರು ಎಲ್ಲ ಬಿಗಿದುಕೊಳ್ಳುತ್ತವೆ, ಲಿವರ್ ಕೂಡ ವಾಪಸ್ ಬರುವುದಿಲ್ಲ.

ಹಿಂದಿನ ಡಿಫರೆನ್ಶಿಯಲ್ ಬೆಸೆದುಬಿಡಿ, ಎರಡೂ ಚಕ್ರ ಒಟ್ಟಿಗೆ ತಿರುಗುತ್ತವೆ ಅಂತಾನೂ ಹೇಳಿದರು. ಖರ್ಚು ಕಡಿಮೆ, ನಿಜ. ಆದರೆ ಹಾಗೆ ಬೆಸೆದರೆ ರಸ್ತೆಯ ತಿರುವಿನಲ್ಲಿ ಟೈರ್ ಎಳೆದಾಡುತ್ತದೆ, ಇದೇ ಗಾಡಿಯಲ್ಲಿ ನಾನು ಸಂತೆಗೂ ಹೋಗಬೇಕು.

ಕಾಗದದ ವಿಷಯ ಚುಟುಕಾಗಿ ಹೇಳುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. 15 ವರ್ಷ ದಾಟಿದ ಖಾಸಗಿ ಗಾಡಿಯ ಆರ್‌ಸಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು, ಆಗ ಇನ್‌ಸ್ಪೆಕ್ಟರ್ ಎಂಜಿನ್ ನಂಬರ್, ಷಾಸಿ ನಂಬರ್ ನೋಡುತ್ತಾರೆ. ಅದಕ್ಕೇ ದೊಡ್ಡ ಎಂಜಿನ್ನಿನ ಆಸೆ ಬಿಟ್ಟೆ. ಮುಂದೆ ಬುಲ್ ಬಾರ್ ಹಾಕಲಿಲ್ಲ. ಗಾಡಿ ಎಳೆಯಲು ಷಾಸಿಗೇ 8.8 ಗ್ರೇಡಿನ ಬೋಲ್ಟ್‌ನಲ್ಲಿ ಎರಡು ಹುಕ್ ಕೂರಿಸಿದೆ, ಅಷ್ಟೇ. ಎಳೆಯುವಾಗ ಹಗ್ಗದ ಮೇಲೆ ಒದ್ದೆ ಗೋಣಿಚೀಲ ಹಾಕುತ್ತೇವೆ, ಹಗ್ಗ ಹರಿದರೂ ಮುಖಕ್ಕೆ ಹಾರದಿರಲಿ ಅಂತ. ಇನ್ನೊಂದು ಮಾತು, ಸಂಡೂರಿನ ಮೀಸಲು ಅರಣ್ಯಕ್ಕೆ, ಗಣಿ ಲೀಸಿನ ಒಳಕ್ಕೆ ಅನುಮತಿ ಇಲ್ಲದೆ ನುಗ್ಗುವಂತಿಲ್ಲ. ಆನೆಗುಂದಿ ಬಂಡೆ ಹತ್ತಿಸುವ ಆಸೆ ಇದ್ದರೆ ಅದನ್ನೂ ಬಿಡಿ, ಅದು ಹಂಪಿ ಪಾರಂಪರಿಕ ಪ್ರದೇಶ.

ಕೊನೆಗೆ ಮಾಡಿಸಿದ್ದು ಆಕ್ಸಲ್ ಬ್ರೀದರ್, ಅಂದರೆ ಆಕ್ಸಲ್ ಉಸಿರಾಡುವ ಸಣ್ಣ ರಂಧ್ರದ ಕೆಲಸ. ಓಡಿ ಬಿಸಿಯಾದ ಆಕ್ಸಲ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ. ಎರಡೂ ಬ್ರೀದರ್‌ಗೆ ರಬ್ಬರ್ ಪೈಪ್ ಸಿಕ್ಕಿಸಿ ಬಾನೆಟ್ ಎತ್ತರಕ್ಕೆ ಕಟ್ಟಿದೆ. ಇಷ್ಟಾದರೂ ಹಳ್ಳ ದಾಟಿ ಬಂದ ಮರುದಿನ ಆಕ್ಸಲ್‌ನ ಡ್ರೈನ್ ಬೋಲ್ಟ್ ಸ್ವಲ್ಪ ಸಡಿಲಿಸಿ ನೋಡುತ್ತೇನೆ. ಮೊದಲು ನೀರು ಬಂದರೆ, ಇಲ್ಲವೇ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಪೂರ್ತಿ ಇಳಿಸಿ ಹೊಸ 90 ನಂಬರ್ ಗೇರ್ ಆಯಿಲ್. ಎರೆ ಮಣ್ಣನ್ನು ಮಾತ್ರ ಮರುದಿನಕ್ಕೆ ಬಿಡುವುದಿಲ್ಲ, ಹಸಿ ಇರುವಾಗಲೇ ತೊಳೆಯುತ್ತೇನೆ. ಪ್ರೊಪೆಲ್ಲರ್ ಶಾಫ್ಟ್ ಮೇಲೆ ಒಣಗಿ ಕಲ್ಲಾದರೆ 50ರ ಸ್ಪೀಡಿಗೆ ಗಾಡಿ ನಡುಗುತ್ತದೆ, ಜನ ಶಾಫ್ಟಿನ ಕ್ರಾಸ್ (ಕೀಲು) ಹೋಯಿತು ಅಂತ ಹೊಸದು ಹಾಕಿಸುತ್ತಾರೆ. ಮೊದಲು ಒಂದು ಬಕೆಟ್ ನೀರು ಹಾಕಿ ನೋಡಿ.