ಎತ್ತರ ಉಳಿಸಿಕೊಳ್ಳಲು ಕಲಿತದ್ದು: ವಾರ್ ಥಂಡರ್ ಆಟದಲ್ಲಿ ನನ್ನ ಮೊದಲ ತಿಂಗಳುಗಳು

ಬೀದರಿನಲ್ಲಿ ಬೆಳೆದವರಿಗೆ ವಿಮಾನದ ಸದ್ದು ಹೊಸದಲ್ಲ. ವಾಯುಪಡೆಯ ತರಬೇತಿ ನೆಲೆ ಊರಿನ ಮಗ್ಗುಲಲ್ಲೇ ಇದೆ. ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ ತಂಡವನ್ನು 1996ರಲ್ಲಿ ಕಟ್ಟಿದ್ದು ಇಲ್ಲೇ. ಆಗ ನಾನು ಆರನೇ ಇಯತ್ತೆ. ನೆಲೆಯಲ್ಲಿ ತರಬೇತಿಗೆ ಆ ಕಾಲಕ್ಕೆ ಕಿರಣ್ ವಿಮಾನಗಳು, 2008ರಿಂದ ಹಾಕ್. ಪಾಠ ನಡೆದಾಗ ತಲೆಯ ಮೇಲೆ ಸದ್ದಾದರೆ ನಮ್ಮ ಮಾಸ್ತರರು ಎರಡು ಗಳಿಗೆ ಸುಮ್ಮನೆ ನಿಂತು, ಸದ್ದು ದೂರಾದ ಮೇಲೆ ಬಿಟ್ಟ ಮಾತಿನಿಂದಲೇ ಮುಂದುವರಿಸುತ್ತಿದ್ದರು. ಈಗ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ, ನಾನೂ ಹಾಗೇ ಮಾಡುತ್ತೇನೆ.

ಮಾಳಿಗೆ ಮೇಲೆ ಸಂಡಿಗೆ ಒಣಹಾಕುತ್ತ, ಕಾಗೆ ಕಾಯುತ್ತ ಎಷ್ಟೋ ಸಲ ನೋಡಿದ್ದೇನೆ: ಎರಡು ವಿಮಾನ ಹಿಂದುಮುಂದಾಗಿ ಹೋಗುತ್ತವೆ, ಮುಂದಿನದು ತಿರುಗುತ್ತದೆ, ಹಿಂದಿನದು ಅದರ ಹಾದಿ ಹಿಡಿಯುವುದಿಲ್ಲ. ಒಂದಿಷ್ಟು ಮೇಲೆದ್ದು, ಆಮೇಲೆ ತಿರುವಿನ ಒಳಗೆ ಇಳಿಯುತ್ತದೆ. ಯಾಕೆ ಹಾಗೆ ಎಂದು ಇಷ್ಟು ವರ್ಷ ನನಗೆ ತಿಳಿದಿರಲಿಲ್ಲ. ಅದನ್ನು ಕಲಿಸಿದ್ದು ಒಂದು ಕಂಪ್ಯೂಟರ್ ಆಟ.

ಅಣ್ಣನ ಮಗ ಬೇಸಿಗೆ ರಜೆಗೆ ಬಂದಾಗ ನನ್ನ ಲ್ಯಾಪ್‌ಟಾಪಿನಲ್ಲಿ ವಾರ್ ಥಂಡರ್ ಹಾಕಿಕೊಟ್ಟ. ಇಂಟರ್‌ನೆಟ್ ಮೇಲೆ ಬೇರೆಯವರ ಎದುರು ಆಡುವ, ಗೈಜಿನ್ ಎಂಬ ಕಂಪನಿಯ ಯುದ್ಧದ ಆಟ. 2012ರಲ್ಲಿ ಎಲ್ಲರಿಗೂ ತೆರೆದದ್ದು, ಇವತ್ತಿಗೂ ಪುಕ್ಕಟೆ. ದುಡ್ಡು ಕೊಟ್ಟು ಕೊಳ್ಳುವ ವಿಮಾನಗಳೂ ಪ್ರೀಮಿಯಂ ಖಾತೆಯೂ ಇವೆ. ನಾನು ಒಂದು ರೂಪಾಯಿಯನ್ನೂ ಹಾಕಿಲ್ಲ, ಹೊಸಬರು ಹಾಕುವುದೂ ಬೇಡ. ಮೇಲಿನ ದರ್ಜೆಯ ವಿಮಾನ ಕೊಂಡರೆ ಎದುರು ಬರುವವರೂ ಆ ದರ್ಜೆಯವರೇ ಆಗಿರುತ್ತಾರೆ, ಕಲಿಯಲು ಉಸಿರು ಬಿಡಲೂ ಪುರುಸೊತ್ತು ಸಿಗುವುದಿಲ್ಲ.

ಲ್ಯಾಪ್‌ಟಾಪ್ ಹಳೆಯದು, 8 ಜಿಬಿ ರ‍್ಯಾಮ್. ಚಿತ್ರದ ಗುಣಮಟ್ಟ ತೀರ ಕೆಳಗಿಳಿಸಿದ ಮೇಲೆ ಸುಲಲಿತವಾಗಿ ಓಡಿತು. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಆಡಿದಾಗ ಎದುರಿನ ವಿಮಾನ ಒಂದು ಜಾಗದಿಂದ ಇನ್ನೊಂದಕ್ಕೆ ಜಿಗಿಯುತ್ತಿತ್ತು. ಮನೆಗೆ ಫೈಬರ್ ಬಂದ ಮೇಲೆ, ಅದರಲ್ಲೂ ವೈಫೈ ಬಿಟ್ಟು ಕೇಬಲ್ ಚುಚ್ಚಿದ ಮೇಲೆ, ಆ ಕಾಟ ತಪ್ಪಿತು. ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ಉಳಿಯುತ್ತದೆ, ರೂಟರ್ ಉಳಿಯುವುದಿಲ್ಲ. ಆದ್ದರಿಂದ ರೂಟರನ್ನು ಇನ್ವರ್ಟರಿನ ಸಾಲಿಗೆ ಹಾಕಿಸಿದೆ. ಮೌಸ್ ಮಾತ್ರ ಬೇಕೇ ಬೇಕು, ಲ್ಯಾಪ್‌ಟಾಪಿನ ಟಚ್‌ಪ್ಯಾಡಿನಲ್ಲಿ ಈ ಆಟ ಆಗುವ ಮಾತಲ್ಲ.

ವಿಮಾನ ಕಾಳಗಕ್ಕೆ ಮೂರು ಬಗೆ ಇವೆ: ಆರ್ಕೇಡ್, ರಿಯಲಿಸ್ಟಿಕ್, ಸಿಮ್ಯುಲೇಟರ್. ನಾನು ಎಲ್ಲರಂತೆ ಆರ್ಕೇಡ್‌ನಿಂದ ಶುರು ಮಾಡಿದೆ. ಅಲ್ಲಿ ವಿಮಾನ ಗಾಳಿಯಲ್ಲೇ ಹುಟ್ಟುತ್ತದೆ, ಗುಂಡು ಮುಗಿದರೆ ಹಾರುತ್ತಲೇ ಮತ್ತೆ ತುಂಬುತ್ತದೆ, ಎಲ್ಲಿ ಗುರಿ ಇಡಬೇಕು ಎಂಬುದಕ್ಕೆ ಪರದೆಯ ಮೇಲೆ ಒಂದು ಗುರುತು ಬರುತ್ತದೆ. ಮೂರು ವಾರ ಆಡಿದೆ. ಕೀಲಿಗಳು ಕೈಗೆ ಹತ್ತಿದವು: ಚಕ್ರಕ್ಕೆ ಜಿ, ಫ್ಲ್ಯಾಪಿಗೆ (ರೆಕ್ಕೆಯ ಹಿಂಬದಿಯಲ್ಲಿ ಕೆಳಗಿಳಿಯುವ ಪಟ್ಟಿಗೆ) ಎಫ್, ಸಿ ಒತ್ತಿ ಹಿಡಿದರೆ ಸುತ್ತ ನೋಡಬಹುದು. ಆದರೆ ಹಾರುವುದು ಕಲಿಯಲಿಲ್ಲ. ಗುರುತು ಕಂಡಲ್ಲಿ ಒತ್ತುವುದು, ಎದುರಿಗೆ ಯಾರು ಬಂದರೂ ಮೂಗಿಗೆ ಮೂಗು ಕೊಟ್ಟು ನುಗ್ಗುವುದು, ಇಷ್ಟೇ ರೂಢಿಯಾಯಿತು. ರಿಯಲಿಸ್ಟಿಕ್‌ಗೆ ಹೋದ ಮೊದಲ ವಾರ ಈ ರೂಢಿಗೆ ದಂಡ ತೆತ್ತೆ. ಅಲ್ಲಿ ಗುರಿಯ ಗುರುತು ಇಲ್ಲ. ಒಂದು ಪಂದ್ಯಕ್ಕೆ ಒಂದೇ ವಿಮಾನ. ಗುಂಡು ತೀರಿದರೆ ವಾಪಸು ಹೋಗಿ ರನ್‌ವೇ ಮೇಲೆ ಇಳಿದೇ ತುಂಬಿಸಿಕೊಳ್ಳಬೇಕು. ಹನ್ನೊಂದು ಪಂದ್ಯ ಒಂದರ ಹಿಂದೆ ಒಂದು ಸತ್ತೆ, ಒಬ್ಬರನ್ನೂ ಬೀಳಿಸಲಿಲ್ಲ.

ಹನ್ನೆರಡನೆಯದಕ್ಕೆ ಮುಂಚೆ ಹುಡುಗ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತ.

"ಅತ್ತಿ, ನೀ ಎದ್ದ ಕೂಡಲೇ ಸೀದಾ ಅವರ ಕಡಿ ಹೊಂಟಬಿಡ್ತಿ. ಅವರು ಮ್ಯಾಲ ಇರ್ತಾರ, ನೀ ಕೆಳಗ ಇರ್ತಿ. ಮೊದಲ ಏರು. ಐದು ನಿಮಿಷ ಯಾರ ಕಡೀನೂ ನೋಡಬ್ಯಾಡ, ಸುಮ್ಮ ಏರು."

ಏರಿದೆ. ನನ್ನ ವಿಮಾನ ಆಗ ಬ್ರಿಟನ್ನಿನ ಹರಿಕೇನ್. ಅದನ್ನು ಆರಿಸಿಕೊಂಡದ್ದಕ್ಕೆ ಒಂದು ಕಾರಣ, ಎರಡನೇ ಮಹಾಯುದ್ಧದಲ್ಲಿ ಬರ್ಮಾ ಗಡಿಯಲ್ಲಿ ನಮ್ಮ ಭಾರತೀಯ ಪೈಲಟರು ಹಾರಿಸಿದ ವಿಮಾನ ಅದು. ಇನ್ನೊಂದು, ಅದು ಚೊಕ್ಕ ತಿರುಗುತ್ತದೆ, ಹೊಸಬರ ತಪ್ಪನ್ನು ತಾಳಿಕೊಳ್ಳುತ್ತದೆ. ವೈರಿಯ ಕಡೆ ಮುಖ ಮಾಡದೆ ಓರೆಯಾಗಿ ಬದಿಗೆ ಸರಿದು, ವೇಗ ಗಂಟೆಗೆ 230ರಿಂದ 250 ಕಿ.ಮೀ. ಒಳಗೆ ಇಟ್ಟುಕೊಂಡು ಏರುವುದು ಅದಕ್ಕೆ ಒಗ್ಗುತ್ತದೆ. ಮೂಗು ಹೆಚ್ಚು ಎತ್ತಿದರೆ ವೇಗ ಸತ್ತು ತೇಲಾಡುತ್ತದೆ, ಕಡಿಮೆ ಎತ್ತಿದರೆ ಹೊತ್ತು ಹೋಗುತ್ತದೆ, ಎತ್ತರ ಬರುವುದಿಲ್ಲ. ನಾಲ್ಕು ಸಾವಿರ ಮೀಟರಿಗೆ ಹೋಗಿ ಕೆಳಗೆ ನೋಡಿದೆ. ಎರಡೂ ಕಡೆಯವರು ಕೆಳಗೆ ಒಬ್ಬರ ಹಿಂದೊಬ್ಬರು ಗಿರಕಿ ಹೊಡೆಯುತ್ತಿದ್ದರು. ನನ್ನ ಕಡೆ ನೋಡುವವರೇ ಇರಲಿಲ್ಲ. ಹಳೇ ಊರಿನ ನಡುವೆ ಚೌಬಾರಾ ಗೋಪುರವನ್ನು ಕಾವಲಿಗೆಂದು ಅಷ್ಟೆತ್ತರ ಯಾಕೆ ಕಟ್ಟಿದರು ಎಂದು ಆ ಗಳಿಗೆಯಲ್ಲಿ ಮೈಗೆ ತಿಳಿಯಿತು.

ನಾನು ಒಂಬತ್ತನೆಯ ತರಗತಿಗೆ ವರ್ಷವೂ ಬರೆಸುವ ಸೂತ್ರವೇ ಇಲ್ಲಿ ಕೆಲಸ ಮಾಡುವುದು. ಎತ್ತರ ಎಂದರೆ ಕೂಡಿಟ್ಟ ಶಕ್ತಿ, ವೇಗ ಎಂದರೆ ಚಲನೆಯಲ್ಲಿರುವ ಶಕ್ತಿ. ಗಾಳಿಯ ತಡೆಯನ್ನೂ ಎಂಜಿನ್ನನ್ನೂ ಬಿಟ್ಟು ಲೆಕ್ಕ ಹಾಕಿ: ಗಂಟೆಗೆ 300 ಕಿ.ಮೀ.ಯಲ್ಲಿ ಹೋಗುತ್ತಿರುವ ವಿಮಾನ ಒಂದು ಸಾವಿರ ಮೀಟರ್ ಇಳಿದರೆ ವೇಗ ಹತ್ತಿರಹತ್ತಿರ 590 ಆಗುತ್ತದೆ. ತಿರುಗಿಸಿ ನೋಡಿದರೆ, 500ರಲ್ಲಿ ಬಂದವರು ಮೂಗೆತ್ತಿ 300ಕ್ಕೆ ಇಳಿಯುವಷ್ಟರಲ್ಲಿ 600 ಮೀಟರಿಗಿಂತ ಹೆಚ್ಚು ಏರಿಬಿಡಬಹುದು. ಹಾಗಾದರೆ ಮೇಲಿದ್ದವರು ಇಳಿದು, ಒಂದು ಸಲ ಹೊಡೆದು, ತಾಗಲಿ ಬಿಡಲಿ, ಅದೇ ವೇಗದಲ್ಲಿ ಮತ್ತೆ ಮೇಲೆ ಹೋಗಬಹುದು. ಕೆಳಗಿದ್ದವರು ಹಿಂದೆ ಬಂದರೆ ನಡುದಾರಿಯಲ್ಲೇ ವೇಗ ತೀರಿ ನಿಲ್ಲುತ್ತಾರೆ. ಸೂತ್ರ ಗೊತ್ತಿದ್ದೂ ನಾನು ಹನ್ನೊಂದು ಸಲ ಸತ್ತದ್ದು ಯಾಕೆಂದರೆ, ಎದುರಿಗೆ ವೈರಿ ಕಂಡಾಗ ಕೈ ಸೂತ್ರವನ್ನು ಕೇಳುವುದಿಲ್ಲ. ಹೊಡೆದು ತಪ್ಪಿದ ಕೂಡಲೆ "ಇನ್ನೊಂದು ಸುತ್ತು ತಿರುಗಿದರೆ ಸಿಗುತ್ತಾನೆ" ಎಂದು ಜಗ್ಗುತ್ತದೆ.

ಈ ಜಗ್ಗುವುದೇ ದೊಡ್ಡ ತಪ್ಪು, ಅದಕ್ಕಾಗಿ ಬಿಡಿಸಿ ಹೇಳುತ್ತೇನೆ. ಎತ್ತರ ಕಳೆಯದೆ ವಿಮಾನವನ್ನು 60 ಡಿಗ್ರಿ ವಾಲಿಸಿ ತಿರುಗಿಸಿದರೆ ರೆಕ್ಕೆ ತನ್ನ ಭಾರದ ಎರಡರಷ್ಟು ಹೊರಬೇಕು. ನಾಲ್ಕರಷ್ಟು ಹೊರುವಷ್ಟು ಜಗ್ಗಿದರೆ, ಯಾವ ವೇಗಕ್ಕಿಂತ ಕೆಳಗೆ ರೆಕ್ಕೆ ಹಿಡಿತ ಬಿಡುತ್ತದೆಯೋ ಆ ವೇಗ ಎರಡು ಪಟ್ಟಾಗುತ್ತದೆ. ನೇರ ಹಾರುವಾಗ 120ಕ್ಕೆ ಹಿಡಿತ ಬಿಡುವ ವಿಮಾನ ಆ ತಿರುವಿನಲ್ಲಿ 240ಕ್ಕೇ ಬಿಡುತ್ತದೆ. ಬಿಟ್ಟರೆ ಒಂದು ರೆಕ್ಕೆ ಕುಸಿದು ಗಿರ್ರನೆ ಸುತ್ತುತ್ತ ಕೆಳಗೆ. ಬಿಡದಿದ್ದರೂ, ಪ್ರತಿ ಜಗ್ಗಿಗೆ ಗಾಳಿಯ ತಡೆ ಏರಿ, ಐದು ನಿಮಿಷ ಕೂಡಿಟ್ಟದ್ದು ಎರಡು ಸುತ್ತಿನಲ್ಲಿ ಖಾಲಿ. ಮಾಳಿಗೆ ಮೇಲಿಂದ ನಾನು ಕಂಡದ್ದೂ ಇದೇ. ಹಿಂದಿನ ವಿಮಾನ ವೇಗ ಹೆಚ್ಚಾಗಿದ್ದರೆ ಮುಂದಿನದರ ತಿರುವನ್ನು ಹಿಡಿಯಲಾರದು, ಹಟ ಹಿಡಿದರೆ ಹೊರಗೆ ಜಾರಿ ಮುಂದಾಗಿಬಿಡುತ್ತದೆ. ಅದಕ್ಕೇ ಮೂಗೆತ್ತಿ ಆ ಹೆಚ್ಚಿನ ವೇಗವನ್ನು ಎತ್ತರವಾಗಿ ಕೂಡಿಟ್ಟು, ತಿರುವು ಚಿಕ್ಕದಾದ ಮೇಲೆ ಅದನ್ನು ಮತ್ತೆ ವೇಗವಾಗಿಸುತ್ತ ಒಳಗೆ ಇಳಿಯುತ್ತದೆ. ಆಟದಲ್ಲಿ ಮೊದಲ ಸಲ ನಾನೇ ಇದನ್ನು ಮಾಡಿ, ವೈರಿಯ ಬೆನ್ನು ಸರಿಯಾಗಿ ನನ್ನ ಮೂಗಿನ ಮುಂದೆ ಬಂದಾಗ ಗುಂಡು ಹಾರಿಸಲು ಮರೆತು ನೋಡುತ್ತಲೇ ಇದ್ದೆ.

ಗುರಿಯ ಮಾತಿಗೆ ಬರೋಣ. ಇದನ್ನು ಕಲಿಸಿದ್ದು ಹುಡುಗನಲ್ಲ, ನಮ್ಮಪ್ಪ. ಸಣ್ಣವರಿದ್ದಾಗ ಜೋಳ ಹಾಲುಗಾಳಿಗೆ ಬಂದರೆ ಹೊಲದ ಅಟ್ಟದ ಮೇಲೆ ನಿಂತು ಕವಣಿ ಬೀಸಿ ಹಕ್ಕಿ ಓಡಿಸುವುದು ನಮ್ಮ ಕೆಲಸ. ಅಪ್ಪ ಹೇಳುತ್ತಿದ್ದ: "ಹಕ್ಕಿ ಇದ್ದಲ್ಲಿ ಒಗದ್ರ ಏನ್ ಸಿಗ್ತದ? ಎಲ್ಲಿಗ ಹೊಂಟದ ನೋಡಿ ಅದರ ಮುಂದ ಒಗಿ." ಇಲ್ಲಿಯೂ ಅಷ್ಟೇ, ಎಷ್ಟು ಮುಂದೆ ಎಂಬುದು ಮಾತ್ರ ನಂಬಲಾಗದಷ್ಟು. ಗಂಟೆಗೆ 400 ಕಿ.ಮೀ. ಎಂದರೆ ಸೆಕೆಂಡಿಗೆ 111 ಮೀಟರ್. ಗುಂಡು 300 ಮೀಟರ್ ದಾಟಲು ಸುಮಾರು 0.4 ಸೆಕೆಂಡು ಬೇಕು ಎಂದಿಟ್ಟುಕೊಳ್ಳಿ. ಅಷ್ಟರಲ್ಲಿ ಅಡ್ಡ ಹೋಗುತ್ತಿರುವ ವಿಮಾನ 44 ಮೀಟರ್ ಮುಂದೆ ಹೋಗಿರುತ್ತದೆ. ಸ್ಪಿಟ್‌ಫೈರಿನ ಉದ್ದ 9 ಮೀಟರ್ ಚಿಲ್ಲರೆ. ಅಂದರೆ ಹೆಚ್ಚುಕಡಿಮೆ ಐದು ವಿಮಾನದುದ್ದ ಮುಂದೆ ಖಾಲಿ ಆಕಾಶಕ್ಕೆ ಹೊಡೆಯಬೇಕು! ಕಣ್ಣು ಇದನ್ನು ಒಪ್ಪಲು ನನಗೆ ಒಂದು ತಿಂಗಳು ಹಿಡಿಯಿತು. ಟೆಸ್ಟ್ ಫ್ಲೈಟ್ ಎಂಬುದರಲ್ಲಿ ಒಬ್ಬರೇ ಹಾರಬಹುದು, ಹೊಡೆಯಲು ಕಂಪ್ಯೂಟರಿನ ವಿಮಾನಗಳು ಸಿಗುತ್ತವೆ. ದಿನಾ ರಾತ್ರಿ ಪಂದ್ಯಕ್ಕೆ ಮುಂಚೆ ಹತ್ತು ನಿಮಿಷ ಅಲ್ಲಿ ಕಳೆದೆ. ಅಡ್ಡ ಹೊಡೆಯುವುದು ಕಷ್ಟವಾದರೆ ಹಿಂದಿನಿಂದ ಹತ್ತಿರ ಹೋಗಿ. ಆಗ ಮುಂದೆ ಬಿಡಬೇಕಾದ ಅಂತರವೇ ಕಡಿಮೆ.

ಹತ್ತಿರ ಎಂಬುದಕ್ಕೆ ಇನ್ನೊಂದು ಕಾರಣವಿದೆ. ಹರಿಕೇನಿನ ಬಂದೂಕುಗಳು ರೆಕ್ಕೆಯಲ್ಲಿವೆ, ಎರಡೂ ಕಡೆಯ ಗುಂಡುಗಳು ಒಂದು ದೂರದಲ್ಲಿ ಕೂಡುತ್ತವೆ. ಆ ದೂರವನ್ನು ಆಟದಲ್ಲಿ ನಾವೇ ಗೊತ್ತು ಮಾಡಬಹುದು. 1940ರ ಯುದ್ಧದಲ್ಲಿ ಬ್ರಿಟಿಷ್ ಪೈಲಟರು 400 ಗಜಕ್ಕೆ ಇದ್ದದ್ದನ್ನು ಅನುಭವದಿಂದ 250 ಗಜಕ್ಕೆ ಇಳಿಸಿದ್ದರು. ನಾನು 300 ಮೀಟರಿಗೆ ಇಟ್ಟೆ, ಅಲ್ಲಿವರೆಗೆ ಒತ್ತುವುದಿಲ್ಲ ಎಂದು ಕೈಗೆ ಕಟ್ಟಪ್ಪಣೆ ಮಾಡಿದೆ. ಎಂಟು ಬಂದೂಕು ಇವೆ ಎಂದು ಸಡಿಲ ಬಿಡಬೇಡಿ, ಒಂದೇ ಸಮ ಒತ್ತಿ ಹಿಡಿದರೆ ಕಾಲು ನಿಮಿಷದಲ್ಲಿ ಎಲ್ಲ ಖಾಲಿ. ಒಂದು, ಒಂದೂವರೆ ಸೆಕೆಂಡು ಒತ್ತಿ, ಬಿಟ್ಟು, ನೋಡಿ, ಮತ್ತೆ ಒತ್ತಬೇಕು.

ಸುತ್ತ ನೋಡುವುದು ಕಲಿತದ್ದು ಬಹಳ ತಡವಾಗಿ. ಸತ್ತ ಪಂದ್ಯಗಳ ರಿಪ್ಲೇ ಹಾಕಿ ನೋಡಿದರೆ, ಹತ್ತರಲ್ಲಿ ಏಳೆಂಟು ಸಲ ನನ್ನನ್ನು ಹೊಡೆದವರನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಈಗ ಮನಸ್ಸಿನಲ್ಲೇ ಎಣಿಸುತ್ತೇನೆ, ಹತ್ತು ಬಂದರೆ ಸಿ ಒತ್ತಿ ಬೆನ್ನ ಹಿಂದೆ, ತಲೆಯ ಮೇಲೆ. ಯಾರನ್ನಾದರೂ ಅಟ್ಟಿಸಿಕೊಂಡು ಹೋಗುವಾಗ ಎಣಿಕೆ ಐದಕ್ಕೇ ಮುಗಿಯಬೇಕು.

ಮೊದಲನೇ ಮಹಾಯುದ್ಧದ ಹುಡುಗರ ನೆನಪು ಇಂಥಲ್ಲಿ ಬರುತ್ತದೆ. ಬ್ರಿಟಿಷ್ ವಾಯುಪಡೆಯಲ್ಲಿ ಯುದ್ಧವಿಮಾನ ಹಾರಿಸಿದ ಇಂದ್ರಲಾಲ್ ರಾಯ್ ಕಲಕತ್ತೆಯವರು. 1918ರ ಜುಲೈನಲ್ಲಿ ಎರಡು ವಾರದೊಳಗೆ ಹತ್ತು ವಿಜಯ ಗಳಿಸಿ, ಜುಲೈ 22ರಂದು ಫ್ರಾನ್ಸಿನ ಆಕಾಶದಲ್ಲಿ ತೀರಿಕೊಂಡರು. ವಯಸ್ಸು 19. ನನ್ನ ಅಣ್ಣನ ಮಗನಿಗೆ ಈಗ 18. ನಾನು ಸತ್ತಾಗ ಒಂದು ಗುಂಡಿ ಒತ್ತಿ ಮತ್ತೆ ಪಂದ್ಯಕ್ಕೆ ಹೋಗುತ್ತೇನೆ. ಇದನ್ನು ಅವನಿಗೂ ಒಮ್ಮೆ ಹೇಳಿದೆ. ಅವನು ಹೆಡ್‌ಫೋನ್ ತೆಗೆದಿಟ್ಟು ಆ ದಿನ ಇನ್ನು ಆಡಲಿಲ್ಲ.

ಈಗ ಅವನು ಕಲಬುರಗಿಯ ಹಾಸ್ಟೆಲಿನಲ್ಲಿ, ನಾನು ಬೀದರಿನಲ್ಲಿ. ಶನಿವಾರ ರಾತ್ರಿ ಊಟ ಮುಗಿಸಿ ಇಬ್ಬರೂ ಒಂದೇ ಸ್ಕ್ವಾಡಿನಲ್ಲಿ, ಕಿವಿಗೆ ಹೆಡ್‌ಫೋನ್. ಒಬ್ಬರೇ ಆಡುವುದಕ್ಕೂ ಇಬ್ಬರು ಆಡುವುದಕ್ಕೂ ಹೋಲಿಕೆಯೇ ಇಲ್ಲ, ಹೊಸಬರು ಮೊದಲ ದಿನದಿಂದಲೇ ಒಬ್ಬ ಜೊತೆಗಾರನನ್ನು ಹುಡುಕಿಕೊಳ್ಳಬೇಕು. ನಮ್ಮ ಕಟ್ಟಳೆ ಇಷ್ಟು: ಒಬ್ಬರು ಇಳಿದರೆ ಇನ್ನೊಬ್ಬರು ಮೇಲೇ ಇರಬೇಕು. ದಿಕ್ಕನ್ನು ಗಡಿಯಾರದ ಲೆಕ್ಕದಲ್ಲಿ ಹೇಳಬೇಕು, ಮೂಗು ಹನ್ನೆರಡು, ಬಾಲ ಆರು. "ಅತ್ತಿ, ಏಳಕ್ಕೊಬ್ಬ ಅದಾನ, ಎಡಕ್ಕ ಹೊಳ್ಳು, ನಾ ಬಂದೆ" ಎಂದರೆ ಯಾರು, ಎಲ್ಲಿ ಎಂದು ಕೇಳದೆ ಹೊರಳಬೇಕು. ನಾನು ಹೊರಳಿದಾಗ ನನ್ನ ಹಿಂದೆ ಬಿದ್ದವನಿಗೆ ನಾನೊಬ್ಬಳೇ ಕಾಣುತ್ತಿರುತ್ತೇನೆ. ಮೇಲಿಂದ ಇವನು ಇಳಿಯುತ್ತಾನೆ. ನಾನು ಕರೆದಾಗ ಅವನೂ ಹೀಗೇ ನಂಬಿ ಹೊರಳುತ್ತಾನೆ. ಇಪ್ಪತ್ತು ವರ್ಷ ಚಿಕ್ಕವನೊಂದಿಗೆ ಇಂಥ ನಂಬಿಕೆ ಕೂಡಿದ್ದು ನನಗೆ ಈ ಆಟ ಕೊಟ್ಟ ದೊಡ್ಡ ಸಂತೋಷ.

ಇಳಿಯುವುದರ ಬಗ್ಗೆ ಎರಡು ಮಾತು, ಯಾಕಂದರೆ ಗೆದ್ದು ಬಂದು ರನ್‌ವೇ ಮೇಲೆ ಒಡೆದುಕೊಳ್ಳುವುದು ಬಹಳ ಸಂಕಟ. ದೂರದಿಂದಲೇ ವೇಗ ಕಳೆಯಿರಿ. ವೇಗ ಹೆಚ್ಚಿದ್ದಾಗ ಫ್ಲ್ಯಾಪ್ ಪೂರ್ತಿ ಬಿಟ್ಟರೆ ಕಿತ್ತುಹೋಗುತ್ತದೆ. ನಾನು 250ರ ಕೆಳಗೆ ಬಂದ ಮೇಲೆ ಚಕ್ರ, ಆಮೇಲೆ ಫ್ಲ್ಯಾಪ್ ಬಿಡುತ್ತೇನೆ, ರನ್‌ವೇ ತುದಿ ದಾಟುವಾಗ 180ರ ಆಸುಪಾಸು. ನೆಲ ಹತ್ತಿರವಾದಾಗ ಎಂಜಿನ್ನಿನ ಬಲ ಹೆಚ್ಚುಕಡಿಮೆ ಮಾಡುವ ಥ್ರಾಟಲ್ ಪೂರ್ತಿ ಇಳಿಸಿ, ಮೂಗನ್ನು ಕೂದಲೆಳೆಯಷ್ಟು ಎತ್ತಿ ಹಿಡಿದು ಅದಾಗಿ ಕೂರಲು ಬಿಡಬೇಕು.

ಈ ತಿಂಗಳು ಜಾಯ್‌ಸ್ಟಿಕ್ ಕೊಂಡು ಸಿಮ್ಯುಲೇಟರ್ ಬಗೆಗೆ ಕಾಲಿಟ್ಟಿದ್ದೇನೆ. ಮೌಸಿನಲ್ಲಿ ಆಡುವಾಗ ನಾವು ತೋರಿಸಿದ ಕಡೆಗೆ ವಿಮಾನವನ್ನು ಒಯ್ಯುವ ಕೆಲಸ ಕಂಪ್ಯೂಟರಿನದು, ಇಲ್ಲಿ ಎಲ್ಲ ನಮ್ಮ ಕೈಯದೇ. ನೋಟ ಕಾಕ್‌ಪಿಟ್ಟಿನ ಒಳಗಿಂದ ಮಾತ್ರ. ಥ್ರಾಟಲ್ ಒಮ್ಮೆಲೇ ಏರಿಸಿದರೆ ಪ್ರೊಪೆಲ್ಲರ್ ಎಳೆತಕ್ಕೆ ಮೂಗು ಒಂದು ಕಡೆಗೆ ತಿರುಗಿ ವಿಮಾನ ರನ್‌ವೇ ಬಿಟ್ಟು ಹುಲ್ಲಿಗೆ ಹೋಗುತ್ತದೆ. ನಿನ್ನೆ ಆರು ಸಲ ಪ್ರಯತ್ನಿಸಿ ಎರಡು ಸಲ ಎದ್ದೆ. ಥ್ರಾಟಲನ್ನು ನಿಧಾನ ಏರಿಸುತ್ತ, ಮೂಗನ್ನು ಎಡಬಲಕ್ಕೆ ತಿರುಗಿಸುವ ಬಾಲದ ರಡರ್ ಮುಂಚಿತವಾಗಿಯೇ ಕೊಡಬೇಕು ಎಂಬಷ್ಟು ಗೊತ್ತಾಗಿದೆ, ಎಷ್ಟು ಕೊಡಬೇಕೆಂಬುದು ಕೈಗಿನ್ನೂ ಬಂದಿಲ್ಲ. ರಡರಿಗೆಂದು ಕಾಲಿನ ಪೆಡಲ್ ಕೊಳ್ಳುವ ಮೊದಲು ಒಂದು ತಿಂಗಳು ಜಾಯ್‌ಸ್ಟಿಕ್ಕಿನ ಹಿಡಿ ತಿರುವಿಯೇ ನೋಡುತ್ತೇನೆ. ಶನಿವಾರದೊಳಗೆ ಹತ್ತಕ್ಕೆ ಏಳು ಸಲ ಎದ್ದರೆ, ಹುಡುಗನನ್ನೂ ಆ ಬಗೆಗೆ ಕರೆಯುವುದೆಂದು ಮಾತಾಗಿದೆ.