ಗಾಜಿನ ಕಟ್ಟಡದೊಳಗೆ ಎರಚಲು ನೀರು ಬಂದರೆ

ಚಿಕ್ಕಮಗಳೂರಿನಲ್ಲಿ ಗಾಜು ಹೊದಿಸಿದ ಬಹುಮಹಡಿ ಆಫೀಸು ಕಟ್ಟಡಕ್ಕೆ ನೇರ ಮಳೆಗಿಂತ ಎರಚಲಿನ ಕಾಟವೇ ಹೆಚ್ಚು. ಗಾಳಿ ನೀರನ್ನು ಗಾಜಿಗೆ ಅಡ್ಡಡ್ಡ ಒತ್ತುತ್ತದೆ, ಕೂದಲೆಳೆಯಷ್ಟು ಸಂದಿಯಿದ್ದರೂ ಸಾಕು, ಒಳಗೆ ನುಗ್ಗುತ್ತದೆ. ರಿಪೇರಿಯನ್ನು ಏಪ್ರಿಲ್–ಮೇ ತಿಂಗಳಲ್ಲೇ ಮುಗಿಸಿ. ಮೃಗಶಿರ ಮಳೆ ಹಿಡಿದ ಮೇಲೆ ಸಂದಿ ಒಣಗುವುದಿಲ್ಲ, ಸಂದಿ ಮುಚ್ಚುವ ಸಿಲಿಕಾನ್ ಅಂಟು ಒದ್ದೆ ಮೈಗೆ ಹಿಡಿಯುವುದಿಲ್ಲ.

ನೀರು ತೊಟ್ಟಿಕ್ಕುವ ಜಾಗವೇ ಸೋರುವ ಜಾಗ ಎಂದುಕೊಳ್ಳಬೇಡಿ. ಅಲ್ಯೂಮಿನಿಯಂ ಫ್ರೇಮಿನೊಳಗೇ ಹರಿದು ಒಂದೆರಡು ಮಹಡಿ ಕೆಳಗೆ ಕಾಣಿಸಿಕೊಳ್ಳುವುದುಂಟು. ಮೊದಲು ತಾರಸಿ, ಪ್ಯಾರಾಪೆಟ್ ನೋಡಿ. ಆಮೇಲೆ ಪೈಪು ಹಿಡಿದು ಕೆಳಗಿನ ಸಂದಿಯಿಂದ ಮೇಲಕ್ಕೆ ಪರೀಕ್ಷಿಸುತ್ತಾ ಹೋಗಿ: ಒಂದಡಿ ದೂರದಿಂದ, ಪ್ರತಿ 5 ಅಡಿ ಸಂದಿಗೆ 5 ನಿಮಿಷ. ಒಳಗೊಬ್ಬರು ಟಾರ್ಚ್ ಹಿಡಿದು ನಿಂತಿರಬೇಕು. ಮೇಲಿನಿಂದ ಶುರುಮಾಡಿದರೆ ಕೆಳಗಿನದೆಲ್ಲ ನೆನೆದು ಯಾವ ಸಂದಿ ಸೋರಿತೆಂದು ತಿಳಿಯುವುದಿಲ್ಲ.

ಸಿಲಿಕಾನ್‌ಗೆ ಕೈಹಾಕುವ ಮುನ್ನ ಫ್ರೇಮಿನ ಕೆಳಪಟ್ಟಿಯ ಹೊರಮೈಯಲ್ಲಿರುವ ವೀಪ್ ಹೋಲ್ ಹುಡುಕಿ. ಒಳಸೇರಿದ ನೀರು ಹೊರಗೆ ಹೋಗಲೆಂದೇ ಇಟ್ಟ ತೂತುಗಳಿವು. ಧೂಳು, ಕುಂಬಾರ ಹುಳದ ಮಣ್ಣು ಕಟ್ಟಿಕೊಂಡಿರುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಸೋರುವುದು ಇಲ್ಲಿಂದಲೇ ಎಂದು ಯಾರೋ ಸಿಲಿಕಾನ್ ಮೆತ್ತಿಬಿಟ್ಟಿರುತ್ತಾರೆ. ಆಗ ಫ್ರೇಮು ತೊಟ್ಟಿಯಂತೆ ತುಂಬಿ ಒಳಕ್ಕೇ ಉಕ್ಕುತ್ತದೆ. ತಂತಿ ಹಾಕಿ ಬಿಡಿಸಿ, ಮತ್ತೆ ಅದೇ ಜಾಗಕ್ಕೆ ನೀರು ಬಿಟ್ಟು ನೋಡಿ. ಎಷ್ಟೋ ಸೋರಿಕೆ ಇಲ್ಲಿಗೇ ನಿಲ್ಲುತ್ತದೆ.

ನಿಲ್ಲದಿದ್ದರೆ ಹೊರಗಿನ ಸಂದಿಯ ಹಳೆ ಸಿಲಿಕಾನನ್ನು ಪೂರ್ತಿ ಕೊಯ್ದು ತೆಗೆಯಿರಿ. ಧೂಳು ಕೂತ ಹಳೆಯದರ ಮೇಲೆ ಹೊಸದನ್ನು ಬಳಿದರೆ ಸಿಪ್ಪೆಯಂತೆ ಏಳುತ್ತದೆ. ಚಾಕು ಆಳಕ್ಕಿಳಿಯದಿರಲಿ: ಸ್ಟ್ರಕ್ಚರಲ್ ಗ್ಲೇಜಿಂಗ್‌ನಲ್ಲಿ, ಅಂದರೆ ಗಾಜನ್ನು ಫ್ರೇಮಿಗೆ ಅಂಟಿಸಿ ನಿಲ್ಲಿಸಿದ ಕಟ್ಟಡದಲ್ಲಿ, ಗಾಜನ್ನು ಹಿಡಿದಿರುವುದೇ ಹಿಂದಿನ ಸಿಲಿಕಾನ್. ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಲ್ಲಿ ಒರೆಸಿ, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಲ್ಲಿ ಒರೆಸಿ.

12 ಮಿ.ಮೀ. ಸಂದಿಗೆ 15 ಮಿ.ಮೀ. ಬ್ಯಾಕರ್ ರಾಡ್ (ಹಗ್ಗದಂಥ ಫೋಮ್ ಸುರುಳಿ) ಒತ್ತಿ, ಮೇಲೆ 6 ಮಿ.ಮೀ. ಆಳ ಬಿಡಿ. ಸಿಲಿಕಾನ್ ಎರಡು ಪಕ್ಕಕ್ಕೆ ಮಾತ್ರ ಅಂಟಬೇಕು. ಹಿಂಬದಿಗೂ ಅಂಟಿದರೆ ಬಿಸಿಲಿಗೆ ಫ್ರೇಮು ಹಿಗ್ಗಿ ಕುಗ್ಗುವಾಗ ಸೀಳಿಹೋಗುತ್ತದೆ. ನ್ಯೂಟ್ರಲ್ ಕ್ಯೂರ್ ವೆದರ್ ಸಿಲಿಕಾನನ್ನೇ ಕೇಳಿ ತನ್ನಿ. ವಿನೆಗರ್ ವಾಸನೆಯ ಅಗ್ಗದ ಟ್ಯೂಬು ಲೋಹವನ್ನು ತಿನ್ನುತ್ತದೆ, ಲ್ಯಾಮಿನೇಟೆಡ್ ಗಾಜಿನ ಅಂಚನ್ನು ಕೆಡಿಸುತ್ತದೆ. ಈ ಅಳತೆಗೆ 600 ಮಿ.ಲೀ. ಪ್ಯಾಕು ಸುಮಾರು 8 ಮೀಟರ್ ಬರುತ್ತದೆ. ಎರಡೂ ಅಂಚಿಗೆ ಮಾಸ್ಕಿಂಗ್ ಟೇಪ್ ಹಚ್ಚಿ ತುಂಬಿ, ಪೊರೆ ಕಟ್ಟುವ ಮೊದಲೇ ಪಟ್ಟಿಯಿಂದ ಒತ್ತಿ ಎಳೆದು, ತಕ್ಷಣ ಟೇಪ್ ಕಿತ್ತುಬಿಡಿ. ವಾರ ಬಿಟ್ಟು ಮತ್ತೆ ಪೈಪು ಹಿಡಿಯಿರಿ.

ಹಗ್ಗದಲ್ಲಿ ಇಳಿಯುವವರಿಗೆ ಎರಡು ಹಗ್ಗ, ಎರಡಕ್ಕೂ ಬೇರೆ ಬೇರೆ ಆಂಕರ್ (ಹಗ್ಗ ಕಟ್ಟುವ ಗಟ್ಟಿ ಆಧಾರ) ಇರಲೇಬೇಕು. ನೀರಿನ ಪೈಪಿಗೋ ಡಿಶ್ ಕಂಬಕ್ಕೋ ಕಟ್ಟಲು ಬಿಡಬೇಡಿ. ಕೆಳಗೆ ಫುಟ್‌ಪಾತಿಗೆ ಅಡ್ಡ ಕಟ್ಟಿ ಒಬ್ಬರನ್ನು ಕಾವಲಿಗೆ ನಿಲ್ಲಿಸಿ. ಗಾಳಿ ಎದ್ದರೆ ಅರ್ಧ ಸಂದಿ ಬಾಕಿಯಿದ್ದರೂ ಇಳಿಸಿಬಿಡಿ.