ಅಮಟೆಕಾಯಿ: ಗೊರಟು ನೋಡಿ ಅಡುಗೆ

ಅಮಟೆಕಾಯಿ ಉಪ್ಪಿನಕಾಯಿ ಬಾಯಿಗೆ ಹಿಡಿಸಲಿಲ್ಲ ಅಂದರೆ ಖಾರವನ್ನೋ ಉಪ್ಪನ್ನೋ ದೂರುತ್ತೀರಿ. ಹೆಚ್ಚಿನ ಸಲ ದೋಷ ಮಸಾಲೆಯದ್ದಲ್ಲ, ಗೊರಟು ಬಲಿತ ಕಾಯಿ ಹಾಕಿದ್ದು.

ಮೊದಲು ಮರ ಗುರುತು ಹಿಡಿಯಿರಿ. ಮಲೆನಾಡು, ಕರಾವಳಿಯ ಕಾಡಂಚಿನಲ್ಲಿ, ಬೇಲಿಸಾಲಿನಲ್ಲಿ ಅಮಟೆ ಸಿಗುತ್ತದೆ. ಚಳಿಗಾಲದಲ್ಲಿ ಎಲೆ ಉದುರಿಸಿ ಬೋಳಾಗಿ, ಬೇಸಿಗೆಗೆ ಹೂ ಬಿಡುತ್ತದೆ. ಒಂದೇ ಕಡ್ಡಿಗೆ ಎರಡೂ ಬದಿ ಎಲೆ, ತುದಿಯಲ್ಲೊಂದು ಒಂಟಿ. ಎಲೆಯನ್ನು ಬೆಳಕಿಗೆ ಹಿಡಿಯಿರಿ: ನಡುವಿನಿಂದ ಹೊರಟ ನರಗಳೆಲ್ಲ ಅಂಚಿಗುಂಟ ಓಡುವ ಇನ್ನೊಂದು ನರಕ್ಕೆ ಹೋಗಿ ಸೇರುತ್ತವೆ. ಹಿಸುಕಿದರೆ ಮಾವಿನ ಸೊನೆಯಂಥ ಘಮ. ಇದು ಮಾವು, ಗೇರಿನ ಕುಟುಂಬದ ಮರವೇ. ಅದೇ ಕುಟುಂಬದ ಹೊಳಗೇರಿನ ಸೊನೆ ಮಾತ್ರ ಮೈಗೆ ತಾಗಿದರೆ ಬೊಕ್ಕೆ ಏಳುತ್ತದೆ, ಗಾಳಿಗೆ ಕಪ್ಪಾಗುತ್ತದೆ. ಅದರ ಎಲೆ ಒಂದೊಂದೇ, ಉದ್ದ. ಗೊತ್ತಿಲ್ಲದ ಮರವಾದರೆ ಊರಿನ ಹಿರಿಯರನ್ನು ಕರೆದುಕೊಂಡೇ ಹೋಗಿ.

ಉಪ್ಪಿನಕಾಯಿಗೆ ಬೇಕಾದ್ದು ಮಿಡಿ. ಕಾಯನ್ನು ಅಡ್ಡ ಕೊಯ್ದು ನೋಡಿ. ಚಾಕು ತಡೆಯಿಲ್ಲದೆ ಇಳಿದು, ಒಳಗೆ ಗೊರಟಿನ ಜಾಗ ಬೆಳ್ಳಗೆ ಮೆತ್ತಗಿದ್ದರೆ ಸರಿ. ಕರಕರ ಅಂದು ನಾರು ಎಳೆ ಬಂದರೆ ಆ ಮರದ ಮಿಡಿಯ ಕಾಲ ಮುಗಿಯಿತು, ಬುಟ್ಟಿ ತುಂಬಿಸಬೇಡಿ. ಮಿಡಿಯನ್ನು ತೊಳೆದು, ನೀರಿನ ಪಸೆ ಇಲ್ಲದಂತೆ ಒರೆಸಿ ಆರಲು ಬಿಡಿ. ಒಂದು ಕಿಲೋ ಮಿಡಿಗೆ ಕಾಲು ಕಿಲೋ ಕಲ್ಲುಪ್ಪು ನಾನು ಹಾಕುವ ಲೆಕ್ಕ. ಭರಣಿಯಲ್ಲಿ ಪದರ ಪದರವಾಗಿ ತುಂಬಿ, ಮೇಲೊಂದು ಭಾರ ಇಟ್ಟು, ದಿನಕ್ಕೊಮ್ಮೆ ಒಣ ಸೌಟಿನಲ್ಲಿ ಕೈಯಾಡಿಸಿ. ನೀರು ಬಿಟ್ಟು ಮಿಡಿ ಸುಕ್ಕಾದ ಮೇಲೆ ಆ ಉಪ್ಪುನೀರನ್ನು ಸೋಸಿ, ಕುದಿಸಿ, ಪೂರ್ತಿ ಆರಿಸಿ. ಅದರಲ್ಲೇ ಒಣಮೆಣಸು, ಸಾಸಿವೆ, ಅರಿಶಿನ ರುಬ್ಬಿ ಬೆರೆಸಿ. ಹಸಿನೀರು ಒಂದು ಹನಿಯೂ ಬೇಡ.

ಮಳೆಗಾಲದ ಬಲಿತ ಕಾಯಿಗೆ ಬೇರೆ ದಾರಿ. ಅದನ್ನು ಹೆಚ್ಚಲು ಹೋದರೆ ಕೈ ಕೊಯ್ದುಕೊಳ್ಳುತ್ತೀರಿ. ಗುಂಡುಕಲ್ಲಿನಿಂದ ಜಜ್ಜಿ, ಗೊರಟಿನ ಸಮೇತ ಬೇಯಿಸಿ. ಗೊರಟಿನ ನಾರಿಗೆ ಅಂಟಿದ ಹುಳಿ ಸಾರಿಗೆ ಇಳಿಯುವುದು ಹಾಗೆ. ಬೆಲ್ಲ ಧಾರಾಳವಾಗಿ ಹಾಕಿ, ಹುರಿದ ಎಳ್ಳು, ಉದ್ದಿನಬೇಳೆ, ಒಣಮೆಣಸು, ತೆಂಗಿನತುರಿ ರುಬ್ಬಿ ಸೇರಿಸಿ ಕುದಿಸಿದರೆ ಮೆಣಸ್ಕಾಯಿ. ಇದು ಮಾರನೇ ದಿನಕ್ಕೇ ಹೆಚ್ಚು ರುಚಿ. ಗೊರಟನ್ನು ಚೀಪುತ್ತಾ ಊಟ ಮಾಡುವ ಸುಖ ಬೇರೆ ಯಾವ ಪದಾರ್ಥದಲ್ಲೂ ನನಗೆ ಕಂಡಿಲ್ಲ. ಅಲ್ಯೂಮಿನಿಯಂ, ಕಲಾಯಿ ಇಲ್ಲದ ತಾಮ್ರದ ಪಾತ್ರೆಗೆ ಈ ಹುಳಿ ಆಗದು. ಕಲ್ಲಿನ ಮರಿಗೆಯೋ ಸ್ಟೀಲೋ ಇರಲಿ.

ಹಳದಿಯಾಗಿ ಬಿದ್ದ ಹಣ್ಣನ್ನು ಹಾಗೇ ತಿನ್ನಬಹುದು. ಎಲ್ಲವನ್ನೂ ಹೆಕ್ಕಬೇಡಿ, ಜಿಂಕೆ, ಮಂಗಗಳಿಗೂ ಅದು ಆಹಾರ. ಕಾಯಿಗಾಗಿ ಕೊಂಬೆ ಕಡಿಯುವುದಂತೂ ಬೇಡವೇ ಬೇಡ. ಅಭಯಾರಣ್ಯದೊಳಗೆ ಕೈ ಹಾಕಬಾರದು, ಖಾಸಗಿ ಜಾಗವಾದರೆ ಮನೆಯವರನ್ನು ಕೇಳಿ.

ಜಾಗ ಇದ್ದವರು ಮಳೆ ಹಿಡಿಯುವ ಮೊದಲು ತೋಳುಗಾತ್ರದ ಒಂದು ಗೂಟವನ್ನು ಬೇಲಿಯಲ್ಲಿ ನೆಡಿ. ಅಮಟೆ ಕೊಂಬೆಯಿಂದಲೇ ಬೇರು ಬಿಡುತ್ತದೆ, ಗೊರಟಿನ ಸಸಿಗೆ ಕಾಯಬೇಕಿಲ್ಲ.